ಚಂಡಿ ಎನ್ನಬೇಕಿತ್ತು, ತಂಪು ಎಂದೆ

ವೆಲಿಟಾ ನನ್ನ ತಂಗಿಯ ಮಗಳು. ಅವಳಿಗೆ ದುಬೈಯಲ್ಲಿ ಸಾಕುಪ್ರಾಣಿಗಳ ಕ್ಲಿನಿಕ್ಕೊಂದರಲ್ಲಿ ಸಹಾಯಕಿಯ ಕೆಲಸ ಸಿಕ್ಕಿದೆ. ಹೊರಡುವ ಮುಂಚೆ ನನ್ನನ್ನು ಕಾಣಲು ಬಂದವಳು, ಇಷ್ಟು ವರ್ಷ ಅದೇ ಕೆಲಸ ಮಾಡಿದವರು ನೀವು, ಮೊದಲು ಏನು ಕಲಿಯಬೇಕು ಎಂದು ಕೇಳಿದಳು. ಬೆಕ್ಕನ್ನು ಟವೆಲಿನಲ್ಲಿ ಸುತ್ತುವುದು, ನಾಯಿಯ ಮುಂಗಾಲಿನಲ್ಲಿ ರಕ್ತನಾಳ ಹುಡುಕುವುದು ಎಂದೆಲ್ಲ ಹೇಳಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನೆನಪಾಯಿತು, ಹೇಳಬೇಕಾದದ್ದನ್ನೇ ಹೇಳಿರಲಿಲ್ಲ. ಫೋನಿನಲ್ಲಿ ಮಾತಾಡುವುದನ್ನು ಕಲಿ ಮಗಾ ಎನ್ನಬೇಕಿತ್ತು. ನಗಬೇಡ ವೆಲಿಟಾ. ಯಾಕೆ ಎಂದು ಇಲ್ಲಿ ಬರೆಯುತ್ತೇನೆ, ನನ್ನ ಮರ್ಯಾದೆ ಸ್ವಲ್ಪ ಹೋದರೂ ಅಡ್ಡಿಯಿಲ್ಲ.

ನಾನು ಡಾಕ್ಟರಲ್ಲ. ಅಬುಧಾಬಿಯ ಆ ಕ್ಲಿನಿಕ್ಕಿಗೆ ಸೇರಿದಾಗ ನನ್ನ ಕೆಲಸ ಪ್ರಾಣಿಗಳನ್ನು ಹಿಡಿದುಕೊಳ್ಳುವುದು, ತೂಗುವುದು, ಗೂಡು ತೊಳೆಯುವುದು. ನಿಧಾನವಾಗಿ ಸೂಜಿ ಹಾಕುವುದು, ರಕ್ತ ತೆಗೆಯುವುದು, ಆಪರೇಷನ್ನಿಗೆ ಕೈ ಕೊಡುವುದು ಕಲಿತೆ. ಫೋನು ನನ್ನ ಮೇಜಿಗೆ ಬಂದದ್ದು ನನ್ನ ನಾಲಿಗೆಯಿಂದಾಗಿ. ಕೊಂಕಣಿ ಮನೆಮಾತು. ಬಾರ್ಕೂರಿನವನಾದ್ದರಿಂದ ಕನ್ನಡ, ತುಳು ಎರಡೂ ಬರುತ್ತವೆ. ಹಿಂದಿ, ಮಲಯಾಳ, ಸಂತೆಯ ಮಟ್ಟದ ಅರಬಿ ಅಲ್ಲಿಯೇ ಹತ್ತಿಕೊಂಡವು. ಕರೆ ಯಾರದೇ ಇರಲಿ, ಅವರ ಮಾತಿನಲ್ಲೇ ಉತ್ತರ ಕೊಡುತ್ತೇನೆ ಎಂಬ ಜಂಬ ನನಗಿತ್ತು. ಆ ಜಂಬ ಇಳಿದ ಕತೆಯೇ ಇದು.

ಆರಂಭದಲ್ಲಿ ಬರುತ್ತಿದ್ದದ್ದು ಬೆಕ್ಕು, ನಾಯಿ, ಗಿಳಿ, ಯಾರದೋ ತೋಟದ ಆಡು. ಆಮೇಲೆ ಕಾಲ ಬದಲಾಯಿತು. ಫ್ಲ್ಯಾಟುಗಳ ಗಾಜಿನ ಪೆಟ್ಟಿಗೆಗಳಲ್ಲಿ ಇಗುವಾನಾ, ಆಮೆ, ಹಾವು ಬಂದು ಕೂತವು. ರುವೈಸಿನ ಇಂಜಿನಿಯರೊಬ್ಬರು ಮುಳ್ಳಿಲಿಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಅಷ್ಟು ದೂರದಿಂದ ಬಂದಿದ್ದರು, ಅದಕ್ಕೆ ನೆಗಡಿ ಎಂದು. ಅವರಿಗೇ ನೆಗಡಿ ಇತ್ತು, ಮುಳ್ಳಿಲಿಗೆ ಏನೂ ಆಗಿರಲಿಲ್ಲ.

ನನ್ನ ಮೇಲಿನವರು ಡಾಕ್ಟರ್ ಉಸ್ಮಾನ್. ಸುಡಾನಿನವರು, ಎತ್ತರದ ಆಳು, ಮಾತು ನಿಧಾನ. ಅರಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಒಂದೇ ಭಾಷೆ ಮಾಡಿಕೊಂಡಿದ್ದರು. ಒಮ್ಮೆ ಒಂದು ಮನೆಯವರು ಸತ್ತಂತಿದ್ದ ಆಮೆಯನ್ನು ತಂದರು. ನಾನು ಮುಟ್ಟಿ ನೋಡಿದೆ, ಕಾಲೆಳೆದು ನೋಡಿದೆ, ಕಣ್ಣಿಗೆ ಟಾರ್ಚು ಹಾಕಿದೆ, ಸತ್ತಿದೆ ಎಂದು ಚೀಟಿಯನ್ನೂ ಬರೆದೆ. ಡಾಕ್ಟರು ಚೀಟಿ ಓದಿದರು, ಆಮೆಯನ್ನು ಒಯ್ದು ಬಿಸಿ ದೀಪದ ಕೆಳಗಿಟ್ಟರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅದು ಮೇಜಿನ ಅಂಚಿಗೆ ಹೋಗಿ ನಿಂತಿತ್ತು. ಮನೆಯವರು ಎ.ಸಿ.ಯ ಎದುರೇ ಅದರ ಪೆಟ್ಟಿಗೆ ಇಟ್ಟಿದ್ದರು, ಆಮೆ ಮರಗಟ್ಟಿ ಹೋಗಿತ್ತು ಅಷ್ಟೇ.

"ಸಿಕ್ವೇರಾ," ಎಂದರು ಡಾಕ್ಟರು, ನನ್ನ ಚೀಟಿಯನ್ನು ಹರಿಯುತ್ತ, "ಗೆಸ್ ಮಾಫಿ. ಮೊದಲು ಬೆಚ್ಚಗೆ ಮಾಡು, ಆಮೇಲೆ ನೋಡು. ಗೊತ್ತಾಗಲಿಲ್ಲವೋ, ಕೇಳು."

ಮಾಫಿ ಎಂದರೆ ಅಲ್ಲಿನ ಮಾತಿನಲ್ಲಿ ಇಲ್ಲ. ಊಹೆ ಇಲ್ಲ, ಅಂದಾಜು ಇಲ್ಲ. ವರ್ಷಗಟ್ಟಲೆ ನಾನು ಆ ಎರಡು ಶಬ್ದ ಕೇಳಿದೆ. ಪ್ರಾಣಿಗಳ ಮಟ್ಟಿಗೆ ಪಾಲಿಸಿದೆ. ಮನುಷ್ಯರ ಮಾತಿಗೂ ಅದು ಅನ್ವಯಿಸುತ್ತದೆ ಎಂದು ಮಾತ್ರ ಹೊಳೆಯಲಿಲ್ಲ.

ಆ ಬೇಸಿಗೆ ಎರಡು ಸಾವಿರದ ಹದಿಮೂರೋ ಹದಿನಾಲ್ಕೋ ಇರಬೇಕು. ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದ ರಾಜೇಶ ನಮ್ಮ ಹಳೆಯ ಗಿರಾಕಿ. ಬ್ರಹ್ಮಾವರದ ಕಡೆಯವನು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಒಬ್ಬಳೇ ಮಗಳು ಅನ್ವಿ, ಆಗ ಹನ್ನೊಂದು ವರ್ಷ. ಅವಳ ಹಠಕ್ಕೆ ಸೋತು ಒಂದು ಹಾವು ಸಾಕಿದ್ದರು. ಆಫ್ರಿಕಾದ ಪುಟ್ಟ ಹೆಬ್ಬಾವು, ವಿಷವಿಲ್ಲ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗಿಟ್ಟುಕೊಳ್ಳುತ್ತದೆ. ಅನ್ವಿ ಅದಕ್ಕೆ ನೂಡಲ್ ಎಂದು ಹೆಸರಿಟ್ಟಿದ್ದಳು.

ಆ ವರ್ಷ ರಾಜೇಶನಿಗೆ ರಜೆ ಸಿಗಲಿಲ್ಲ. ಅವನ ತಾಯಿ ಗಿರಿಜಮ್ಮ ವಿಸಿಟ್ ವೀಸಾದಲ್ಲಿ ತಾವೇ ಬಂದರು. ಮೊಮ್ಮಗಳ ಕೋಣೆಯಲ್ಲೇ ಅವರ ಮಂಚ, ಮಂಚದ ಪಕ್ಕದಲ್ಲೇ ನೂಡಲಿನ ಗಾಜಿನ ಪೆಟ್ಟಿಗೆ. ಮೊದಲ ಸಲ, ಹಾವಿನ ಉಗುರು ಕತ್ತರಿಸಲು ಬಂದೆವು ಎಂದು ರಾಜೇಶ ತಮಾಷೆ ಮಾಡುತ್ತ ಅವರನ್ನೂ ಕರೆತಂದಿದ್ದ. ಗಿರಿಜಮ್ಮ ನನ್ನ ಊರು ಕೇಳಿದರು, ಇಗರ್ಜಿ ಯಾವುದು ಕೇಳಿದರು, ಅಂದಿನಿಂದ ನಾನು ಅವರಿಗೆ ಪೊರ್ಬುಗಳು. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ.

"ಫ್ರೀಜರಿನಲ್ಲಿ ತೆಂಗಿನಕಾಯಿ ತುರಿ ಪಕ್ಕ ಇಲಿ ಇಟ್ಟಿದ್ದಾರೆ ಪೊರ್ಬುಗಳೇ," ಎಂದು ನನ್ನ ಕಿವಿಯಲ್ಲಿ ದೂರು ಹೇಳಿದರು. "ದೇವರ ನೈವೇದ್ಯ ಅಂತ ಗ್ರಹಿಸಿ ಸುಮ್ಮನಾದೆ."

ಅವರಿಗೆ ಅದು ದೇವರೇ. ನನಗದು ಅರ್ಥವಾಗುತ್ತಿತ್ತು. ಬಾರ್ಕೂರಿನಲ್ಲಿ ನಮ್ಮ ಹಿತ್ತಲಿನ ಗಡಿಗೆ ತಾಗಿ ನೆರೆಯವರ ನಾಗಬನ. ನಾವು ಇಗರ್ಜಿಗೆ ಹೋಗುವವರಾದರೂ ಬನದ ಹತ್ತಿರ ಚಪ್ಪಲಿ ಹಾಕಿ ನಡೆದರೆ ನನ್ನ ಅಮ್ಮ ಬೆನ್ನಿಗೆ ಕೊಡುತ್ತಿದ್ದಳು. ನೆರೆಯವರು ನಾಗನ ಕಲ್ಲಿಗೆ ಹಾಲು, ಸೀಯಾಳದ ನೀರು ಎರೆಯುವಾಗ ನಾವು ಮಕ್ಕಳು ಬೇಲಿಯಾಚೆ ನಿಂತು ನೋಡುತ್ತಿದ್ದೆವು. ನಾಗನಿಗೆ ತಂಪಾಗಬೇಕು, ನಾಗ ತಂಪಾದರೆ ಊರು ತಂಪು. ಆ ಶಬ್ದ ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು.

ಒಂದು ಬೆಳಿಗ್ಗೆ ಗಿರಿಜಮ್ಮನ ಫೋನು ಬಂತು. ಮೇಜಿನ ಮೇಲೆ ಒಂದು ಸಲೂಕಿ ನಾಯಿ, ಅದರ ಯಜಮಾನ ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದಾನೆ.

"ಪೊರ್ಬುಗಳೇ, ಇದ್ರ ಮೈ ಎಲ್ಲ ಬೂದಿ ಬಣ್ಣ ಆಗಿದೆ. ಕಣ್ಣು ನೀಲಿ. ಮನೆಯಲ್ಲಿ ಯಾರೂ ಇಲ್ಲ. ನಿನ್ನೆ ಇಲಿ ತಿಂದಿತ್ತು. ಎಂತ ಆಯಿತು?"

"ಏನೂ ಆಗಲಿಲ್ಲಮ್ಮ. ಪೊರೆ ಬಿಡುವ ಸಮಯ," ಎಂದೆ. ಪೊರೆ ಸಲೀಸಾಗಿ ಬಿಡಬೇಕಾದರೆ ಪೆಟ್ಟಿಗೆಯಲ್ಲಿ ತೇವ ಇರಬೇಕು. ಒಂದು ಬಟ್ಟೆ ಒದ್ದೆ ಮಾಡಿ ಮೂಲೆಯಲ್ಲಿಟ್ಟರೆ ಸಾಕು. ಒದ್ದೆ ಎಂಬುದಕ್ಕೆ ನಮ್ಮ ಕಡೆಯ ಮಾತು ಚಂಡಿ. ಚಂಡಿ ಮಾಡಿ ಎನ್ನಲು ಬಾಯಿ ತೆರೆದೆ. ಆದರೆ ಆ ಶಬ್ದವನ್ನು ಎಲ್ಲೆಲ್ಲ ಬಳಸುತ್ತೇವೆ ಎಂಬುದು ನೆನಪಾಯಿತು. ಮಳೆಯಲ್ಲಿ ನೆನೆದ ಮಕ್ಕಳು ಚಂಡಿ, ನೆಲ ಒರೆಸುವ ಬಟ್ಟೆ ಚಂಡಿ. ಎಪ್ಪತ್ತರ ಹೆಂಗಸು ದೇವರೆಂದು ಕೈಮುಗಿಯುವುದರ ಬಗ್ಗೆ ಹಾಗೆನ್ನಲು ಮನಸ್ಸು ಬರಲಿಲ್ಲ. ನಾಗನ ವಿಷಯಕ್ಕೆ ಇರುವ ಮರ್ಯಾದೆಯ ಮಾತು ತಾನಾಗಿ ಬಂತು.

"ಸ್ವಲ್ಪ ತಂಪು ಮಾಡಿ ಅಮ್ಮ, ಸಾಕು."

"ತಂಪಾ? ಅದೇ ನಾನು ಗ್ರಹಿಸಿದ್ದು, ಈ ಮಕ್ಕಳು..." ಎಂದು ಅವರು ಏನೋ ಶುರು ಮಾಡಿದರು. ಅಷ್ಟರಲ್ಲಿ ಸಲೂಕಿ ಮೇಜಿನಿಂದ ಹಾರಿತು. ಆಮೇಲೆ ಮಾತಾಡುವ ಎಂದು ಫೋನಿಟ್ಟೆ. ಆಮೇಲೆ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಕರೆ ಬಂದದ್ದೇ ಮರೆತುಹೋಗಿತ್ತು.

ಒಂಬತ್ತನೆಯ ದಿನ, ಶುಕ್ರವಾರ, ನಾಲ್ವರೂ ಬಂದರು. ನೂಡಲ್ ಒಂದು ದಿಂಬಿನ ಚೀಲದಲ್ಲಿತ್ತು. ಅನ್ವಿ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಬೆಳಿಗ್ಗೆ ಪೆಟ್ಟಿಗೆ ತೊಳೆಯಲು ಎತ್ತಿದಾಗ ಹಗ್ಗದ ಹಾಗೆ ಜೋತಾಡಿತಂತೆ.

"ಅಜ್ಜಿ ಗೇವ್ ಹಿಮ್ ಮಿಲ್ಕ್," ಎಂದಳು ಅನ್ವಿ ನನಗೆ. ಅಜ್ಜಿಯ ಕಡೆ ನೋಡಲಿಲ್ಲ.

ನಾಲ್ಕು ದಿನದ ಹಿಂದೆ ನಾಗರಪಂಚಮಿ ಬಂದಿತ್ತು. ಗಿರಿಜಮ್ಮ ಬೆಳ್ಳಿಯ ಬಟ್ಟಲಲ್ಲಿ ಹಾಲು ಹಾಕಿ ಪೆಟ್ಟಿಗೆಯೊಳಗೆ ಇಟ್ಟದ್ದನ್ನು ಅನ್ವಿ ಕಂಡಿದ್ದಳು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂದು ಅವಳು ಕಂಪ್ಯೂಟರಿನಲ್ಲಿ ಓದಿದ್ದಳು. ರಾಜೇಶ ಕಾರಿನಲ್ಲಿ ಬರುವಾಗ ತಾಯಿಗೆ ಏನೋ ಅಂದಿರಬೇಕು. ಗಿರಿಜಮ್ಮನ ಕಣ್ಣು ಕೆಂಪಾಗಿತ್ತು. ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಹೊದ್ದುಕೊಂಡಿದ್ದರು, ಎರಡು ಸಲ ಕೆಮ್ಮಿದರು.

ಡಾಕ್ಟರ್ ಉಸ್ಮಾನ್ ನೂಡಲನ್ನು ತೆಗೆದುಕೊಂಡು ಮೊದಲು ಮಾಡಿದ ಕೆಲಸ ನನಗೆ ಗೊತ್ತಿದ್ದದ್ದೇ. ಬಿಸಿನೀರಿನ ಚೀಲಗಳ ನಡುವೆ ಮಲಗಿಸಿ ಮೇಲೆ ದೀಪ ಹಾಕಿದರು. ಆಮೆಯ ಕತೆಯನ್ನು ನಾನು ಅನ್ವಿಗೆ ಹೇಳಿದೆ. ಹೇಳಬಾರದಿತ್ತೇನೋ. ಅವಳು ಒಂದು ಸ್ಟೂಲ್ ಎಳೆದುಕೊಂಡು ಕೂತು ಎರಡು ಗಂಟೆ ಅಲ್ಲಾಡಲಿಲ್ಲ. ನೂಡಲ್ ಬೆಚ್ಚಗಾಯಿತು. ಡಾಕ್ಟರು ಹೃದಯ ಬಡಿತ ಕೇಳಿಸುವ ಯಂತ್ರವನ್ನು ಹೊಟ್ಟೆಯಡಿ ಇಟ್ಟು ಬಹಳ ಹೊತ್ತು ಕಾದರು. ಬರೀ ಗರಗರ ಸದ್ದು. "ಖಲಾಸ್, ಬೇಟಿ," ಎಂದರು. ಅವಳ ತಲೆಯ ಮೇಲೆ ಕೈಯಿಟ್ಟರು.

ಕಾರಣ ತಿಳಿಯಬೇಕಾದರೆ ಕೊಯ್ದು ನೋಡಬೇಕು ಎಂದಾಗ ಗಿರಿಜಮ್ಮ ಎದ್ದು ನಿಂತರು.

"ಕೊಯ್ಯುದಾ? ಬೇಡ ಪೊರ್ಬುಗಳೇ."

"ಅದು ನಮ್ಮ ನಾಗ ಅಲ್ಲಮ್ಮ. ಹೆಡೆ ಇಲ್ಲ," ಎಂದೆ.

"ಹೆಡೆ ಇಲ್ಲದಿದ್ರೆ ಎಂತ? ಅದೂ ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಹೋಗುದಲ್ದಾ?"

ಗಿರಿಜಮ್ಮ ಮೊಮ್ಮಗಳನ್ನು ನೋಡಿದರು. ಅನ್ವಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಅಜ್ಜಿಯ ವಿಮಾನ ಮಂಗಳವಾರ.

"ಆಯಿತು, ಕೊಯ್ಯಿ," ಎಂದರು ಕೊನೆಗೆ, ದನಿ ಇಳಿಸಿ. "ಹಾಲಿನಿಂದ ಹೋದದ್ದೋ ಅಂತ ನಂಗೂ ಗೊತ್ತಾಗಬೇಕು. ಇದು ಹೀಗೇ ಇದ್ರೆ ಈ ಮಗು ಇನ್ನು ನನ್ನ ಹತ್ರ ಮಾತಾಡ್ಲಿಕ್ಕಿಲ್ಲ."

ಎಷ್ಟೋ ಪ್ರಾಣಿಗಳನ್ನು ಕೊಯ್ಯುವಾಗ ನಾನು ಪಕ್ಕದಲ್ಲಿ ನಿಂತಿದ್ದೇನೆ. ಅಂದು ಕತ್ತರಿ ಕೇಳಿದರೆ ಇಕ್ಕಳ ಕೊಟ್ಟೆ. ಡಾಕ್ಟರು ನನ್ನ ಕೈಯ ತಟ್ಟೆಯನ್ನು ಮೇಜಿನ ಮೇಲಿಡಿಸಿದರು. ಗದ್ದದಿಂದ ಕೆಳಕ್ಕೆ ಒಂದೇ ಗೀರು. ಶ್ವಾಸಕೋಶದಲ್ಲಿ ನೊರೆ ತುಂಬಿತ್ತು. ಹೊಟ್ಟೆ ಬಿಡಿಸಿದಾಗ ವಾಸನೆಗೆ ಇಬ್ಬರೂ ಹಿಂದೆ ಸರಿದೆವು. ಹಾಲಿನ ಹನಿಯೂ ಇರಲಿಲ್ಲ. ಇದ್ದದ್ದು ಇಲಿ. ಹತ್ತು ದಿನದ ಹಿಂದೆ ತಿಂದ ಇಲಿ, ಕೂದಲು, ಬಾಲ ಸಮೇತ ಹಾಗೆಯೇ ಇತ್ತು, ಕೊಳೆತಿತ್ತು.

ಎಳೆಯರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಮೈಯೊಳಗೆ ಒಲೆ ಇದೆ, ಚಳಿಯಲ್ಲೂ ಉಂಡದ್ದು ಕರಗುತ್ತದೆ. ಹಾವಿಗೆ ಆ ಒಲೆ ಇಲ್ಲ. ಬಿಸಿಲೋ, ಬಿಸಿ ನೆಲವೋ ಬೇಕು. ಅದಕ್ಕೇ ಸಾಕಿದವರು ಪೆಟ್ಟಿಗೆಯ ಅಡಿಗೆ ಕರೆಂಟಿನ ಬಿಸಿ ಚಾಪೆ ಹಾಕುತ್ತಾರೆ. ಅದು ಸಿಗದಿದ್ದರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಚಳಿಯೂ ತೇವವೂ ಸೇರಿದರೆ ಉಸಿರಿನ ರೋಗ.

"ಬರ್ದ್," ಎಂದರು ಡಾಕ್ಟರು. ಚಳಿ. "ಯಾರೋ ಇದನ್ನು ತಣ್ಣಗೆ ಇಟ್ಟಿದ್ದಾರೆ. ಹೋಗು, ಕೇಳು."

ಗಿರಿಜಮ್ಮ ಕಾರಿಡಾರಿನಲ್ಲಿ ಒಬ್ಬರೇ ಕೂತಿದ್ದರು. ಹಾಲಿನಿಂದ ಅಲ್ಲಮ್ಮ ಎಂದೆ. ಅವರು ಕಣ್ಣುಮುಚ್ಚಿ ಕೈಮುಗಿದರು. ಆಮೇಲೆ ಬಿಸಿ ಚಾಪೆಯ ವಿಷಯ ಕೇಳಿದೆ.

"ಅದನ್ನು ಅವತ್ತೇ ಬಂದ್ ಮಾಡಿದೆನಲ್ಲ," ಎಂದರು. "ಎ.ಸಿ. ಹದಿನೆಂಟಕ್ಕೆ ಇಟ್ಟೆ. ಬೆಳಿಗ್ಗೆ ಸಂಜೆ ಚಂಡಿ ಬಟ್ಟೆ ಹೊದೆಸಿದೆ. ನೀವು ಹೇಳಿದ್ರಿ ಅಲ್ದಾ, ತಂಪು ಮಾಡಿ ಅಂತ."

ಅವರ ಮಾತಿನಲ್ಲಿ ಆಪಾದನೆ ಇರಲಿಲ್ಲ. ಹೇಳಿದ್ದನ್ನು ಸರಿಯಾಗಿ ಮಾಡಿದ್ದೇನೆ ಎಂಬುದನ್ನು ಒಪ್ಪಿಸುತ್ತಿದ್ದರು. ನನಗೆ ಸಲೂಕಿ ನೆನಪಾಯಿತು, ಅರ್ಧಕ್ಕೆ ಇಟ್ಟ ಫೋನು ನೆನಪಾಯಿತು. ಅವರ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ.

"ನಿಮಗೆ ಚಳಿಯಾಗಲಿಲ್ಲವಾ ಅಮ್ಮ, ಅದೇ ಕೋಣೆಯಲ್ಲಿ?"

"ಆಗದೆ? ಮಗನ ಸ್ವೆಟರ್ ಹಾಕಿ ಮಲಗಿದ್ದೆ. ಮೊಣಗಂಟು ಹಿಡಿದುಹೋಗಿದೆ. ಹುಡುಗಿಗೆ ಎ.ಸಿ. ಎಷ್ಟಿದ್ದರೂ ಸಾಲ್ದು, ಅವಳು ರಜಾಯಿ ಎಳೆದುಕೊಂಡು ಮಲಗ್ತಿದ್ಲು. ತಿಂದ ಮೇಲೆ ದೇವರನ್ನು ಮುಟ್ಟಬಾರದು ಅಂತ ಅವಳೇ ಹೇಳಿದ್ದು, ಹಾಗೆ ಯಾರೂ ಮುಟ್ಲಿಲ್ಲ." ಮೆಲ್ಲಗೆ ಕೇಳಿದರು, "ತಂಪೇ ಹೆಚ್ಚಾಯಿತಾ?"

ನಾನು ತಲೆ ತಗ್ಗಿಸಿದೆ. ಅವರಿಗೆ ಗೊತ್ತಾಯಿತು.

ಎಲ್ಲರೂ ಡಾಕ್ಟರ ಕೋಣೆಯಲ್ಲಿ ಸೇರಿದಾಗ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ರಾಜೇಶ ತಾಯಿಯ ಕಡೆ ತಿರುಗಿದ.

"ಅಮ್ಮಾ, ಚಾಪೆ ಬಂದ್ ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

ಗಿರಿಜಮ್ಮ ನನ್ನನ್ನು ಒಮ್ಮೆ ನೋಡಿದರು. ಗಲ್ಫಿನಲ್ಲಿ ಒಂದು ದೂರಿನಿಂದ ಕೆಲಸ ಹೋಗುತ್ತದೆ, ಕೆಲಸದ ಜೊತೆ ವೀಸಾ ಹೋಗುತ್ತದೆ ಎಂದು ಮಗನ ಬಾಯಲ್ಲಿ ಕೇಳಿದ್ದಿರಬೇಕು.

"ಯಾರೂ ಹೇಳ್ಲಿಲ್ಲ. ನಂಗೇ ತೋಚಿತು," ಎಂದರು.

ಅನ್ವಿ ಅಳಲು ಶುರು ಮಾಡಿದಳು. ಸದ್ದಿಲ್ಲದೆ, ಭುಜ ಕುಣಿಸಿಕೊಂಡು.

ನಾನು ಒಂದು ಕ್ಷಣ ಸುಮ್ಮನಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ ವೆಲಿಟಾ. ಆ ಕರೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ನನ್ನ ಮಗಳಿಗೆ ಆಗಿನ್ನೂ ಕಾಲೇಜು. ಸುಮ್ಮನಿದ್ದರೆ ಮುಗಿಯಿತು. ಆದರೆ ಮೊಣಗಂಟು ಹಿಡಿದ ಆ ಮುದುಕಿ ಮೊಮ್ಮಗಳ ಪ್ರೀತಿಯನ್ನು ಬಿಟ್ಟುಕೊಟ್ಟು ನನ್ನ ಅನ್ನವನ್ನು ಉಳಿಸಲು ಹೊರಟಿದ್ದರು.

"ನಾನು ಹೇಳಿದ್ದು," ಎಂದೆ. ಕನ್ನಡದಲ್ಲಿ ರಾಜೇಶನಿಗೆ, ಹಿಂದಿಯಲ್ಲಿ ಡಾಕ್ಟರಿಗೆ, ನನ್ನ ಹರಕು ಇಂಗ್ಲಿಷಿನಲ್ಲಿ ಅನ್ವಿಗೆ. ಚಂಡಿಗೂ ತಂಪಿಗೂ ಇರುವ ವ್ಯತ್ಯಾಸವನ್ನು ಮೂರು ಭಾಷೆಯಲ್ಲಿ ಬಿಡಿಸಿ ಹೇಳಿದೆ. "ಒದ್ದೆ ಮಾಡಿ ಎನ್ನಬೇಕಿತ್ತು. ತಣ್ಣಗೆ ಮಾಡಿ ಅಂದ ಹಾಗಾಯಿತು. ಅಜ್ಜಿ ನಾನು ಹೇಳಿದ್ದನ್ನೇ ಮಾಡಿದ್ದು. ಒಂಬತ್ತು ದಿನ ಚಳಿಯಲ್ಲಿ ಮಲಗಿ ಮಾಡಿದ್ದು, ನಿನ್ನ ನೂಡಲಿಗೆ ಒಳ್ಳೆಯದಾಗಲಿ ಅಂತ."

ಅನ್ವಿ ನನ್ನನ್ನು ನೋಡಿದಳು, ಆ ನೋಟಕ್ಕೆ ನಾನು ಅರ್ಹನೇ. ಆಮೇಲೆ ಅಜ್ಜಿಯ ಸೆರಗಿನ ತುದಿಯನ್ನು ಹಿಡಿದು ಎಳೆದಳು.

"ಯು ವರ್ ವೇರಿಂಗ್ ಪಪ್ಪಾಸ್ ಸ್ವೆಟರ್ ಫಾರ್ ಹಿಮ್?" ಎಂದು ಕೇಳಿದಳು. ಅಜ್ಜಿಗೆ ಅರ್ಥವಾದದ್ದು ಸ್ವೆಟರ್ ಒಂದೇ. ಹೌದೆಂದು ತಲೆಯಾಡಿಸಿದರು. ಹುಡುಗಿ ಅವರ ಹೊಟ್ಟೆಗೆ ಮುಖ ಒತ್ತಿಕೊಂಡಳು. ನಾನು ಹೊರಗೆ ಹೋಗಿ ಸಿಂಕಿನಲ್ಲಿ ಕೈ ತೊಳೆದೆ, ಆಗಲೇ ತೊಳೆದಿದ್ದ ಕೈಯನ್ನೇ.

ಹೋಗುವ ಮುಂಚೆ ಗಿರಿಜಮ್ಮ ಇನ್ನೊಂದು ಕೇಳಿದರು. ಊರಿನಲ್ಲಾದರೆ ಸತ್ತ ನಾಗನಿಗೆ ಸಂಸ್ಕಾರ ಮಾಡಿ ಸುಡುತ್ತಾರೆ, ಇಲ್ಲಿ ಎಲ್ಲಿ ಎಸೆಯುತ್ತಾರೆ ಎಂದು. ಎಸೆಯುವುದಿಲ್ಲಮ್ಮ, ಇಲ್ಲಿಯೂ ಸುಡುವುದೇ ನಿಯಮ ಎಂದೆ. ಅವರ ಮುಖ ಅರಳಿದ್ದು ಆ ದಿನ ಅದೇ ಮೊದಲು. ನಾನು ನೂಡಲಿನ ಹೊಟ್ಟೆಯನ್ನು ಸಣ್ಣ ಹೊಲಿಗೆಯಲ್ಲಿ ಮುಚ್ಚಿ, ಹೊಸ ಬಿಳಿ ಬಟ್ಟೆಯ ಮೇಲೆ ಸುರುಳಿಯಾಗಿ ಮಲಗಿಸಿದೆ. ರಾಜೇಶ ಎದುರಿನ ಸೂಪರ್‌ಮಾರ್ಕೆಟಿನಿಂದ ಒಂದು ಸೀಯಾಳ ತಂದ. ಡಾಕ್ಟರ್ ಉಸ್ಮಾನ್ ಆಪರೇಷನ್ನಿನ ಕತ್ತರಿಯಿಂದ ಅದಕ್ಕೆ ತೂತು ಮಾಡಿಕೊಟ್ಟರು, ಯಾಕೆ ಎಂದೂ ಕೇಳಲಿಲ್ಲ.

ಅನ್ವಿ ಹಿಂಜರಿದಳು. ಗಿರಿಜಮ್ಮ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟರು.

"ಈಗ ತಂಪು ಮಾಡ್ಲಿಕ್ಕಾಗ್ತದೆ ಮಗಾ. ಎರಿ."

ಇಬ್ಬರೂ ಸೇರಿ ಎರೆದರು.

ಡಾಕ್ಟರು ನನ್ನೊಂದಿಗೆ ಎರಡು ದಿನ ಮಾತಾಡಲಿಲ್ಲ. ರಾಜೇಶ ದೂರು ಕೊಡಲಿಲ್ಲ. ಮೂರನೆಯ ದಿನ ಫೋನಿನ ಪಕ್ಕ ಡಾಕ್ಟರ ಕೈಬರಹದ ಒಂದು ಚೀಟಿ ಅಂಟಿತ್ತು. ಹೇಳಿದ್ದನ್ನು ಅವರ ಬಾಯಿಂದ ತಿರುಗಿ ಹೇಳಿಸು, ಆಮೇಲೆ ಫೋನಿಡು. ಅಂದಿನಿಂದ ನಾನು ಪ್ರತಿಯೊಬ್ಬರಿಗೂ, ಈಗ ಮನೆಯಲ್ಲಿ ಏನು ಮಾಡುತ್ತೀರಿ, ಒಮ್ಮೆ ಹೇಳಿ ನೋಡುವ ಎನ್ನುತ್ತಿದ್ದೆ. ಕೆಲವರು ಬೈದರು. ಅಲ್ ಐನಿನಿಂದ ಫೋನು ಮಾಡಿದ್ದ ಪ್ರೊಫೆಸರೊಬ್ಬರು, ನಾನೇನು ಒಂದನೇ ಕ್ಲಾಸಿನ ಹುಡುಗನಾ ಎಂದರು. ಆದರೂ ಹೇಳಿಸಿದೆ. ಅವರು ಹೇಳಿದ್ದು ತಪ್ಪಿತ್ತು.

ಮೂರು ವರ್ಷ ಕಳೆದು, ನಾನು ನಿವೃತ್ತಿಯ ಕಾಗದ ಪತ್ರ ಮಾಡಿಸಿಕೊಳ್ಳುತ್ತಿದ್ದ ತಿಂಗಳು, ಒಂದು ಕರೆ ಬಂತು. ದನಿ ದೊಡ್ಡ ಹುಡುಗಿಯದು, ಗುರುತು ಹತ್ತಲಿಲ್ಲ.

"ಅಂಕಲ್, ಅನ್ವಿ. ಹೊಸ ಹಾವು ತಂದಿದ್ದೇವೆ. ಕಣ್ಣು ನೀಲಿ ಆಗಿದೆ."

ಸದಾ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಕನ್ನಡದಲ್ಲಿ ಮಾತಾಡುತ್ತಿದ್ದಳು, ಅದೂ ಬ್ರಹ್ಮಾವರದ ಕನ್ನಡ. ನಾನು ಬಾಯಿ ತೆರೆಯುವ ಮೊದಲೇ ಅವಳು ಮುಂದುವರಿಸಿದಳು.

"ಬಟ್ಟೆ ಚಂಡಿ ಮಾಡಿ ಮೂಲೆಯಲ್ಲಿ ಇಡ್ತೇನೆ. ಬಿಸಿ ಚಾಪೆ ಹಾಗೇ ಇರ್ತದೆ. ಸರಿಯಾ?"

ಅವಳ ಹಿಂದೆ, ಇನ್ನೊಂದು ಫೋನಿನಿಂದಿರಬೇಕು, ಊರಿನಿಂದ ಒಂದು ದನಿ ಕೂಗಿ ಹೇಳುತ್ತಿತ್ತು. "ತಂಪು ಮಾಡುದಲ್ಲ ಅಂತ ಪೊರ್ಬುಗಳಿಗೆ ಸರಿಯಾಗಿ ಹೇಳು ಹೆಣ್ಣೇ. ಅವ್ರಿಗೆ ಮರೆತುಹೋಗ್ತದೆ."

"ಚಂಡಿ ಮಾಡುದು, ತಂಪು ಅಲ್ಲ," ಎಂದು ನಾನೇ ತಿರುಗಿ ಹೇಳಿದೆ. ಆ ಕಡೆಯಿಂದ ಹ್ಞೂಂ ಎಂದು ಕೇಳಿದ ಮೇಲೆಯೇ ಫೋನಿಟ್ಟೆ.